ಪಕ್ಕದಲ್ಲಿ ಕೂತ ಪಿಟೀಲು

ಹೋದ ತಿಂಗಳು ಅಂಕಣದ ಕೊನೇಲಿ ‘ನಿಮಗಿಷ್ಟದ ಪಿಟೀಲು ರೆಕಾರ್ಡಿಂಗ್ ಯಾವ್ದು ಬರೀರಿ, ಕೇಳೋದಿದ್ರೆ ಕೇಳ್ರಿ’ ಅಂತ ಒಂದು ಸಾಲು ಹಾಕಿದ್ದೆ ಅಷ್ಟೇ. ನಮ್ಮ ದಾವಣಗೆರೆ ಜನ ಯಾವ ಹೋಟೆಲ್ ಬೆಣ್ಣೆ ದೋಸೆ ಒರಿಜಿನಲ್ಲು ಅಂತ ಜಗಳ ಆಡ್ತಾರೆಯೇ ಹೊರತು ಪಿಟೀಲಿಗೆಲ್ಲ ಯಾರು ಕಾಗದ ಖರ್ಚು ಮಾಡ್ತಾರೆ ಅಂದ್ಕೊಂಡಿದ್ದೆ. ಈಗ ನೋಡಿದ್ರೆ ಮೇಜಿನ ತುಂಬ ಇನ್‌ಲ್ಯಾಂಡ್ ಲೆಟರು, ಫೋನ್ ತುಂಬ ವಾಯ್ಸ್ ಮೆಸೇಜು. ಎಲ್ಲಕ್ಕೂ ಉತ್ತರ ಬರೆಯೋಕೆ ಜಾಗ ಸಾಲಲ್ಲ, ಕೆಲವು ಆರಿಸ್ಕೊಂಡಿದೀನಿ. ಹೆಸರು ಬೇಡ ಅಂತ ಸುಮಾರು ಜನ ಹೇಳಿದ್ರು, ಹಂಗಾಗಿ ಊರು ಮಾತ್ರ ಹಾಕಿದೀನಿ.

ಪ್ರಶ್ನೆ: ಸುತ್ತಿ ಬಳಸಿ ಹೇಳಬ್ಯಾಡ್ರಿ ಸರ್. ಒಂದೇ ಒಂದು ಪಿಟೀಲು ರೆಕಾರ್ಡಿಂಗ್ ಕೇಳು ಅಂದ್ರೆ ಯಾವ್ದು ಕೇಳ್ಲಿ? (ವಿದ್ಯಾನಗರ, ದಾವಣಗೆರೆ)

ಉತ್ತರ: ಚೆಂಬೈ ವೈದ್ಯನಾಥ ಭಾಗವತರ ಹಾಡುಗಾರಿಕೆ, ಮೈಸೂರು ಚೌಡಯ್ಯನವರ ಪಿಟೀಲು, ಪಾಲ್ಘಾಟ್ ಮಣಿ ಅಯ್ಯರ್ ಮೃದಂಗ, ಈ ಮೂರು ಜನ ಒಟ್ಟಿಗಿರೋ ಕಚೇರಿ ರೆಕಾರ್ಡಿಂಗ್ ಯಾವ್ದು ಸಿಕ್ರೂ ಸರಿ, ಅದನ್ನ ಕೇಳಿ.

ಪಿಟೀಲು ಕೇಳಿದ್ರೆ ಹಾಡೋರ ಹೆಸರು ಹೇಳ್ತಾನಲ್ಲ ಇವನು ಅಂತ ಬೈಕೋತೀರಿ, ಗೊತ್ತು. ಆದ್ರೆ ನಲವತ್ತು ವರ್ಷ ಕೇಳಿ ಕೇಳಿ ನನಗೆ ಗಟ್ಟಿಯಾಗಿರೋ ಅಭಿಪ್ರಾಯ ಇದೊಂದೇ ನೋಡ್ರಿ: ನಮ್ಮ ಕರ್ನಾಟಕ ಸಂಗೀತದಲ್ಲಿ ಪಿಟೀಲಿನ ಅಸಲಿ ಆಟ ಇರೋದು ಸೋಲೋ ಆಲ್ಬಮ್‌ನಲ್ಲಲ್ಲ, ಇನ್ನೊಬ್ಬರ ಕಚೇರೀಲಿ. ಸೋಲೋ ನುಡಿಸೋನು ಮನೇಲಿ ಲೆಕ್ಕ ಹಾಕ್ಕೊಂಡು ಬಂದಿರ್ತಾನೆ, ಪಕ್ಕವಾದ್ಯಕ್ಕೆ ಕೂತೋನಿಗೆ ಭಾಗವತರು ಮುಂದಿನ ಕ್ಷಣ ಎಲ್ಲಿಗೆ ಹಾರ್ತಾರೆ ಅನ್ನೋದೇ ಗೊತ್ತಿರಲ್ಲ. ಅವರ ಬಾಯಿಂದ ಬಂದಿದ್ದು ಇವನ ಕಿವಿಗೆ ಬಿದ್ದು ಬೆರಳಿಗಿಳಿದು ಕಮಾನಿಗೆ ಬರೋಕೆ ಅರ್ಧ ಸೆಕೆಂಡು, ಆ ಅರ್ಧ ಸೆಕೆಂಡಿನಲ್ಲೇ ಇವನ ಇಡೀ ವಿದ್ಯೆ ಇರೋದು. ಚೆಂಬೈ ಅವರದು ಬಾಯ್ತುಂಬ ತೆರೆದ ಗಂಟಲು, ತಾರ ಷಡ್ಜಕ್ಕೆ, ಅಂದ್ರೆ ಮೇಲಿನ ‘ಸ’ಕ್ಕೆ, ಹೋಗಿ ನಿಂತ್ರು ಅಂದ್ರೆ ಕಂಬ ನೆಟ್ಟಂಗೆ. ಅವರು ಉಸಿರು ತಗೊಳ್ಳೋಕೆ ಬಿಡ್ತಾರಲ್ಲ, ಆ ಸಣ್ಣ ಸಂದಿಯಲ್ಲಿ ಚೌಡಯ್ಯನವರ ಕಮಾನು ಅದೇ ಷಡ್ಜ ಹಿಡ್ಕೊಂಡು ಕಾಯ್ತಾ ಇರುತ್ತೆ, ಬೀಳೋಕೆ ಬಿಡಲ್ಲ. ಅವರು ವಾಪಸ್ ಬಂದ ಕೂಡ್ಲೇ ದಾರಿ ಬಿಟ್ಟು ಕೆಳಗಿಳಿಯುತ್ತೆ. ಆಮೇಲೆ ಇವರ ಸರದಿ ಬಂದಾಗ ಅದೇ ರಾಗಾನ ಇನ್ನೂ ದಪ್ಪ ನಾದದಲ್ಲಿ ಹಿಡಿದು ಎಳೆದ್ರೆ, ಭಾಗವತರೇ ‘ಭೇಷ್’ ಅಂತಾರೆ.

ಇನ್ನೊಂದು ಹೇಳ್ಲಾ. 1966ರಲ್ಲಿ ಎಂ.ಎಸ್. ಸುಬ್ಬುಲಕ್ಷ್ಮಿ ವಿಶ್ವಸಂಸ್ಥೆಯಲ್ಲಿ ಹಾಡಿದ್ದು ಎಲ್ಲರಿಗೂ ಗೊತ್ತು, ಶಾಲೆ ಪುಸ್ತಕದಲ್ಲೂ ಬರುತ್ತೆ. ಅವತ್ತು ಪಿಟೀಲು ನುಡಿಸಿದ್ದು ಯಾರು ಅಂತ ಕೇಳಿ ನೋಡ್ರಿ, ಹತ್ತರಲ್ಲಿ ಒಂಬತ್ತು ಜನ ತಲೆ ಕೆರ್ಕೋತಾರೆ. ವಿ.ವಿ. ಸುಬ್ರಹ್ಮಣ್ಯಂ. ಆ ರೆಕಾರ್ಡ್ ಇನ್ನೊಂದ್ಸಲ ಹಾಕಿ, ಈ ಸಲ ಹಾಡು ಬಿಟ್ಟು ಹಿಂದೆ ಹೋಗೋ ಪಿಟೀಲು ಮಾತ್ರ ಹಿಂಬಾಲಿಸಿ.

ಪ್ರಶ್ನೆ: ಚೌಡಯ್ಯನವರು ಪಿಟೀಲಿಗೆ ಏಳು ತಂತಿ ಹಾಕಿದ್ರಂತಲ್ಲ, ಅದು ಶೋಕಿಗೋ ಏನಾದ್ರೂ ಕಾರಣ ಇತ್ತೋ? ನಮ್ಮ ಕೋಟೆ ಊರಿನವರಿಗೂ ಸ್ವಲ್ಪ ತಿಳಿಸಿ, ಎಲ್ಲ ದಾವಣಗೆರೆಯವರಿಗೇ ಉತ್ತರ ಕೊಡ್ತೀರಿ. (ಚಿತ್ರದುರ್ಗ)

ಉತ್ತರ: ಯಪ್ಪಾ, 1997ರ ತನಕ ನಾವೂ ನಿಮ್ಮ ಜಿಲ್ಲೇನೇ ಇದ್ವಿ, ಪಾಲು ಆಗಿ ಇಷ್ಟು ವರ್ಷ ಆದ್ರೂ ಈ ಮುನಿಸು ಹೋಗಲಿಲ್ಲವಲ್ರೀ.

ಶೋಕಿ ಅಲ್ಲ. ಆ ಕಾಲಕ್ಕೆ ಕಚೇರಿಗೆ ಮೈಕ್ ಇರ್ತಿರಲಿಲ್ಲ. ಪೆಂಡಾಲಿನಲ್ಲಿ ಸಾವಿರ ಜನ, ಮುಂದೆ ಮೃದಂಗ, ಹಾಡೋರದ್ದೋ ಹುಲಿ ಗಂಟಲು, ಇದರ ಮಧ್ಯೆ ಪಿಟೀಲಿನ ಸಣ್ಣ ದನಿ ಹಿಂದಿನ ಸಾಲಿಗೆ ಮುಟ್ಟಬೇಕಲ್ಲ. ಬಿಡಾರಂ ಕೃಷ್ಣಪ್ಪನವರ ಶಿಷ್ಯರಾಗಿದ್ದ ಚೌಡಯ್ಯ ನಾಲ್ಕು ತಂತೀಲಿ ಮೂರಕ್ಕೆ ಒಂದೊಂದು ಜೋಡಿ ತಂತಿ ಹಾಕಿದ್ರು, ನಾಲ್ಕು ಮೂರು ಏಳು. ಒಂದು ಸ್ವರ ಒತ್ತಿದ್ರೆ ಎರಡು ತಂತಿ ಮೊಳಗುತ್ತೆ, ನಾದ ದುಪ್ಪಟ್ಟು ಆಗುತ್ತೆ. ಕೇಳೋಕೆ ಸಲೀಸು, ನುಡಿಸೋಕೆ ಕೂತ್ರೆ ಬೆವರು ಬರುತ್ತೆ: ಎರಡು ತಂತೀನೂ ಒಂದೇ ಬೆರಳಲ್ಲಿ ಸಮ ಒತ್ತಬೇಕು, ಒಂದು ಕೂದಲೆಳೆ ಶ್ರುತಿ ಹೆಚ್ಚು ಕಡಿಮೆ ಆದ್ರೂ ಸಭೆಗೆಲ್ಲ ಗೊತ್ತಾಗುತ್ತೆ, ತಂತಿ ಬಿಗಿ ಮಾಡೋ ಬಿರಡೆ ತಿರುಗಿಸ್ತಾ ಕೂತ್ರೆ ಅರ್ಧ ಕಚೇರಿ ಮುಗಿದಿರುತ್ತೆ. ಅದಕ್ಕೇ ಆಮೇಲೆ ಮೈಕ್ ಬಂದಂಗೆ ಬೇರೆಯವರು ಹೆಚ್ಚಾಗಿ ಆ ಹಾದಿ ಹಿಡೀಲಿಲ್ಲ. ತಿರುಮಕೂಡಲು ನರಸೀಪುರದ ಈ ಮನುಷ್ಯನ ಹೆಸರಲ್ಲಿ ಬೆಂಗಳೂರಲ್ಲಿ ಪಿಟೀಲಿನ ಆಕಾರದ ಹಾಲೇ ಕಟ್ಟಿದಾರೆ, ನೋಡಿರ್ತೀರಿ. ರೆಕಾರ್ಡಿಂಗ್ ಕೇಳುವಾಗ ಗಮನ ಕೊಡಿ, ಮಂದ್ರದಲ್ಲಿ, ಅಂದ್ರೆ ಕೆಳಗಿನ ಸ್ವರಗಳಲ್ಲಿ, ಅವರ ಪಿಟೀಲು ಒಂದು ವಾದ್ಯದ ಥರ ಕೇಳಲ್ಲ, ಯಾರೋ ಇಬ್ಬರು ಒಟ್ಟಿಗೆ ಗುನುಗಿದಂಗೆ ಕೇಳುತ್ತೆ.

ಪ್ರಶ್ನೆ: ಮಗ ಪಿಟೀಲು ಕಲೀತಿದಾನೆ, ಮೂರನೇ ವರ್ಷ. ಮೇಷ್ಟ್ರು ಲಾಲ್ಗುಡಿ, ಎಂ.ಎಸ್.ಜಿ., ಟಿ.ಎನ್. ಕೃಷ್ಣನ್ ಮೂರೂ ಜನರದ್ದು ಕೇಳಿಸಿ ಅಂತಾರೆ. ನಮಗೆ ಮೂರೂ ಒಂದೇ ಥರ ಕೇಳುತ್ತೆ, ತಪ್ಪು ತಿಳ್ಕೋಬೇಡಿ. (ಹರಿಹರ)

ಉತ್ತರ: ತಪ್ಪು ಏನಿಲ್ಲ ಅಕ್ಕಾರೆ, ಮೊದಲು ನನಗೂ ಹಂಗೇ ಕೇಳ್ತಿತ್ತು. ನಾನು ಕಂಡ್ಕೊಂಡ ಉಪಾಯ ಅಂದ್ರೆ ಎಡಗೈ ಬೆರಳು ಬಿಟ್ಟು ಬಲಗೈ ಕಮಾನು ಕೇಳೋದು. ಟಿ.ಎನ್. ಕೃಷ್ಣನ್ ಅವರ ಕಮಾನು ಎಲ್ಲಿ ತಿರುಗ್ತು ಅನ್ನೋದೇ ಗೊತ್ತಾಗಲ್ಲ, ಕಾಸಿದ ತುಪ್ಪ ಹುಯ್ದಂಗೆ ಒಂದೇ ಧಾರೆ. ಅವರು ನುಡಿಸಿರೋ ವ್ಯಾಸರಾಯರ ‘ಕೃಷ್ಣಾ ನೀ ಬೇಗನೇ ಬಾರೋ’ ಹಾಕಿ ಕೇಳಿಸಿ, ಮಗುಗೆ ಪದ ಗೊತ್ತಿರುತ್ತೆ, ‘ಬಾರೋ’ ಅನ್ನೋ ಕಡೆ ಕಮಾನು ಹೆಂಗೆ ಕರೆಯುತ್ತೆ ಅನ್ನೋದು ತಾನೇ ತಿಳಿಯುತ್ತೆ. ಲಾಲ್ಗುಡಿ ಜಯರಾಮನ್ ಅವರದು ಮಾತಾಡೋ ಕಮಾನು: ಎಲ್ಲಿ ಒತ್ತಬೇಕು, ಎಲ್ಲಿ ಬಿಡಬೇಕು, ಸಾಹಿತ್ಯದ ಅಕ್ಷರ ಎಲ್ಲಿ ಒಡೆಯುತ್ತೆ ಅನ್ನೋದೆಲ್ಲ ಕಮಾನಿನಲ್ಲೇ ಇರುತ್ತೆ. ಅವರದೇ ರಚನೆ ಮೋಹನಕಲ್ಯಾಣಿ ತಿಲ್ಲಾನ ಕೇಳಿ, ಭರತನಾಟ್ಯದ ಕ್ಲಾಸಿಗೆ ಹೋದ ಹೆಣ್ಮಕ್ಕಳಿಗೆಲ್ಲ ಬಾಯಿಪಾಠ ಇರುತ್ತೆ. 1966ರಲ್ಲಿ ಎನ್. ರಮಣಿ ಕೊಳಲು, ವೆಂಕಟರಾಮನ್ ವೀಣೆ ಸೇರಿಸ್ಕೊಂಡು ಪಿಟೀಲು ವೇಣು ವೀಣೆ ಅಂತ ಒಂದು ಜೋಡಣೆ ಶುರು ಮಾಡಿದ್ರು, ಅದೂ ರೆಕಾರ್ಡ್ ಐತೆ. ಎಂ.ಎಸ್.ಜಿ., ಅಂದ್ರೆ ಎಂ.ಎಸ್. ಗೋಪಾಲಕೃಷ್ಣನ್ ಅವರದು ಪರೂರು ಬಾಣಿ ಅನ್ನೋ ಶೈಲಿ, ಒಂದೇ ತಂತಿ ಮೇಲೆ ಮಂದ್ರದಿಂದ ತಾರದವರೆಗೆ ಜಾರಿ ಓಡೋದು. ಕರ್ನಾಟಕಿ, ಹಿಂದೂಸ್ತಾನಿ ಎರಡೂ ಬಲ್ಲವರು, ಹಿಂದೂಸ್ತಾನಿ ಗಾಯಕ ಓಂಕಾರನಾಥ ಠಾಕೂರ್ ಅವರಿಗೂ ಪಕ್ಕವಾದ್ಯ ನುಡಿಸಿದೋರು. ಹುಡುಗರಿಗೆ ಎಂ.ಎಸ್.ಜಿ. ತಟ್ಟಂತ ಇಷ್ಟ ಆಗ್ತಾರೆ, ಸ್ಪೀಡ್ ಇರುತ್ತಲ್ಲ. ಇಷ್ಟ ಆಗ್ಲಿ ಬಿಡಿ.

ಲಾಲ್ಗುಡಿ, ಎಂ.ಎಸ್.ಜಿ. ಇಬ್ಬರೂ 2013ರಲ್ಲೇ ಹೋದ್ರು, ಜನವರೀಲಿ ಒಬ್ಬರು ಏಪ್ರಿಲ್‌ನಲ್ಲಿ ಒಬ್ಬರು. ಕೃಷ್ಣನ್ 2020ರಲ್ಲಿ.

ಮಗನಿಗೆ ಸೋಲೋ ಕೇಳಿಸಿದ ಮೇಲೆ ಇವರೇ ಪಕ್ಕದಲ್ಲಿ ಕೂತಿರೋದನ್ನೂ ಕೇಳಿಸಿ ಅಂತ ನನ್ನದೊಂದು ಒತ್ತಾಯ. ಹಾಡೋರ ಪೈಕಿ ಮದುರೈ ಮಣಿ ಅಯ್ಯರ್ ಜೊತೆ ಲಾಲ್ಗುಡಿ, ಸೆಮ್ಮಂಗುಡಿ ಅವರ ಜೊತೆ ಕೃಷ್ಣನ್. ಮಣಿ ಅಯ್ಯರ್ ಸ್ವರ ಹಾಕೋದು ಗೋಲಿ ಉರುಳಿಸಿದಂಗೆ ಸರಸರ, ಲಾಲ್ಗುಡಿ ಅದಕ್ಕೆ ಉತ್ತರ ಕೊಡುವಾಗ ಒಂದು ಗೋಲಿ ಕೂಡ ಹೆಚ್ಚಿಗೆ ಹಾಕಲ್ಲ. ಹಾಕೋಕೆ ಬರಲ್ಲ ಅಂತಲ್ಲ.

ಪ್ರಶ್ನೆ: ‘ಕಿವಿ ಹತ್ರ ಪಿಟೀಲು ಕುಯ್ಯಬೇಡ’ ಅಂತ ಬೈತಾರಲ್ಲ, ಪಾಪ ಪಿಟೀಲು ಏನು ಮಾಡಿತ್ತು? (ಹೊಳಲ್ಕೆರೆ)

ಉತ್ತರ: ಪಕ್ಕದ ಮನೇಲಿ ಯಾರಾದ್ರೂ ಮೊದಲನೇ ವರ್ಷ ಕಲೀತಿದ್ರೆ ಗೊತ್ತಾಗುತ್ತೆ.

ಪ್ರಶ್ನೆ: ನಾನು ಎಂಜಿನಿಯರಿಂಗ್ ಸ್ಟೂಡೆಂಟ್. ವೆಸ್ಟರ್ನ್ ಕ್ಲಾಸಿಕಲ್ ವಯಲಿನ್ ಕೇಳಬೇಕು ಅಂತ ಆಸೆ, ಆದ್ರೆ ಹಾಕಿದ ಕೂಡ್ಲೇ ಸೀರಿಯಲ್‌ನಲ್ಲಿ ಯಾರೋ ಸತ್ತಂಗೆ ಅನ್ಸುತ್ತೆ, ರಾಗ ಯಾವ್ದು ಅಂತ್ಲೂ ಗೊತ್ತಾಗಲ್ಲ. ಎಲ್ಲಿಂದ ಶುರು ಮಾಡ್ಲಿ? (ದಾವಣಗೆರೆ)

ಉತ್ತರ: ತಂಗೀ, ರಾಗ ಹುಡುಕೋದು ಬಿಡು ಮೊದಲು. ಅದು ಅವರ ವಾದ್ಯ, ನಮ್ಮೋರು ಅದನ್ನ ಅವರಿಂದ ಇಸ್ಕೊಂಡಿದ್ದು. ಮುತ್ತುಸ್ವಾಮಿ ದೀಕ್ಷಿತರ ತಮ್ಮ ಬಾಲುಸ್ವಾಮಿ ದೀಕ್ಷಿತರು ಬ್ರಿಟಿಷರ ಕಾಲದಲ್ಲಿ ಮದ್ರಾಸಿನ ಕಡೆ ಅದನ್ನ ಕಲಿತು ನಮ್ಮ ಸಂಗೀತಕ್ಕೆ ಹೊಂದಿಸಿದ್ರು. ಅವರು ನಿಂತ್ಕೊಂಡು ಗದ್ದಕ್ಕೆ ಒತ್ತಿ ಹಿಡೀತಾರೆ, ನಾವು ಚಕ್ಕಂಬಕ್ಕಳ ಹಾಕಿ ಕೂತು ಪಿಟೀಲಿನ ತಲೆ ಬಲಗಾಲಿನ ಹಿಮ್ಮಡಿ ಹತ್ರ ಊರ್ತೀವಿ. ಹಂಗೆ ಊರಿದ್ರಿಂದಲೇ ಎಡಗೈಗೆ ವಾದ್ಯ ಹೊರೋ ಕೆಲಸ ತಪ್ಪಿ ಗಮಕಕ್ಕೆ, ಅಂದ್ರೆ ಸ್ವರಾನ ತೂಗಿ ಬಳುಕಿಸೋಕೆ, ಜಾರಾಡೋ ಸ್ವಾತಂತ್ರ್ಯ ಸಿಕ್ತು.

ಶುರು ಮಾಡೋಕೆ ಜರ್ಮನಿಯ ಸಂಗೀತಗಾರ ಬಾಕ್‌ನ ಎರಡು ಪಿಟೀಲಿನ ಕನ್ಸರ್ಟೋ (ಮುಖ್ಯ ವಾದ್ಯಕ್ಕೆ ಆರ್ಕೆಸ್ಟ್ರಾ ಜೊತೆ ಕೊಡೋ ರಚನೆ), ಡಿ ಮೈನರ್. ಯೆಹೂದಿ ಮೆನುಹಿನ್, ಡೇವಿಡ್ ಓಯಿಸ್ಟ್ರಾಖ್ ಇಬ್ಬರೂ ಸೇರಿ 1958ರಲ್ಲಿ ಪ್ಯಾರಿಸ್‌ನಲ್ಲಿ ನುಡಿಸಿದ್ದರ ಕಪ್ಪು ಬಿಳುಪು ಫಿಲ್ಮ್ ಐತೆ. ಒಬ್ಬ ಅಮೆರಿಕದಲ್ಲಿ ಹುಟ್ಟಿದೋನು, ಇನ್ನೊಬ್ಬ ಸೋವಿಯತ್ ರಷ್ಯಾದೋನು, ಶೀತಲ ಸಮರದ ದಿನಗಳು. ಅದರ ನಡುವಿನ ನಿಧಾನ ಭಾಗಕ್ಕೆ ನೇರ ಹೋಗು. ಅಲ್ಲಿ ಮೊದಲು ಹಾಡೋಕೆ ಶುರು ಮಾಡೋದು ಎರಡನೇ ಪಿಟೀಲು! ಎರಡು ಸಾಲು ಹಾಡಿದ ಮೇಲೆ ಮೊದಲನೆಯದು ಮೇಲಿಂದ ಅದೇ ಮಾತು ಎತ್ಕೊಂಡು ಬರುತ್ತೆ, ಇದು ಕೆಳಗೆ ಸರಿದು ದಾರಿ ಬಿಡುತ್ತೆ, ಆಮೇಲೆ ಅದು ಇದಕ್ಕೆ. ನಮ್ಮ ಕಡೆ ಅಕ್ಕ ತಂಗೀರು ಬೀಸೋ ಕಲ್ಲಿನ ಮುಂದೆ ಎದುರು ಬದುರು ಕೂತು ಒಬ್ಬರು ಎಳೆದಾಗ ಒಬ್ಬರು ಬಿಡ್ತಾ ಪದ ಹೇಳೋರಲ್ಲ, ಆ ಲೆಕ್ಕ. ನನ್ನ ಪಕ್ಕವಾದ್ಯದ ಹುಚ್ಚು ಇಲ್ಲಿಗೂ ತಂದೆ ನೋಡು, ಏನ್ಮಾಡ್ಲಿ.

ಮೆನುಹಿನ್ ಅಂದ್ರೆ ನಮ್ಮ ರಾಜ್ಯದವರಿಗೆ ಪೂರ್ತಿ ಹೊರಗಿನವರಲ್ಲ. 1952ರಲ್ಲಿ ಭಾರತಕ್ಕೆ ಬಂದಾಗ ಕೋಲಾರ ಜಿಲ್ಲೆ ಬೆಳ್ಳೂರಿನಲ್ಲಿ ಹುಟ್ಟಿದ ಬಿ.ಕೆ.ಎಸ್. ಅಯ್ಯಂಗಾರ್ ಅವರ ಹತ್ರ ಯೋಗ ಕಲಿತು, ಆಮೇಲೆ ಕೈಗಡಿಯಾರ ಒಂದನ್ನ ‘ನನ್ನ ಅತ್ಯುತ್ತಮ ಪಿಟೀಲು ಗುರುವಿಗೆ’ ಅಂತ ಕೆತ್ತಿಸಿ ಕೊಟ್ಟವರು. ಮೆನುಹಿನ್ 16ನೇ ವಯಸ್ಸಲ್ಲಿ, 1932ರಲ್ಲಿ, ಇಂಗ್ಲೆಂಡಿನ ಎಲ್ಗರ್ ಬರೆದ ಕನ್ಸರ್ಟೋ ರೆಕಾರ್ಡ್ ಮಾಡಿದ್ದು ಲಂಡನ್ನಿನ ಆಬೀ ರೋಡ್ ಸ್ಟುಡಿಯೋದಲ್ಲಿ, ಆರ್ಕೆಸ್ಟ್ರಾ ನಡೆಸಿದ್ದು 75 ವರ್ಷದ ಎಲ್ಗರ್ ಖುದ್ದು. ರೆಕಾರ್ಡಿಂಗಿಗೆ ಮುಂಚೆ ಹುಡುಗನ ನುಡಿಸಾಣಿಕೆ ಒಂದಿಷ್ಟು ಕೇಳಿ, ಇನ್ನು ಹೇಳೋದೇನಿಲ್ಲ ಅಂತ ಮುದುಕ ಕುದುರೆ ರೇಸಿಗೆ ಹೊರಟೇಬಿಟ್ಟನಂತೆ, ಮೆನುಹಿನ್ನೇ ಆಮೇಲೆ ಹೇಳ್ಕೊಂಡು ನಗ್ತಿದ್ರು. ನನಗೆ ಆ ರೆಕಾರ್ಡಿಂಗ್ ಇಷ್ಟ, ಆದ್ರೆ ನಿನಗೆ ಈಗಲೇ ಬೇಡ, ಸುಮಾರು 50 ನಿಮಿಷ, ಮಧ್ಯೆ ರೀಲ್ಸ್ ನೋಡ್ತೀಯ.

ಸತ್ತಂಗೆ ಅನ್ಸುತ್ತೆ ಅಂದೆಯಲ್ಲ, ಅದಕ್ಕೊಂದು ಹೇಳಬೇಕು. ಜಿನೆಟ್ ನೆವೂ ಅಂತ ಫ್ರಾನ್ಸಿನ ಹುಡುಗಿ, 1935ರಲ್ಲಿ ಪೋಲೆಂಡಿನ ವಿಯೆನಿಯಾವ್‌ಸ್ಕಿ ಸ್ಪರ್ಧೆಯಲ್ಲಿ 15ನೇ ವಯಸ್ಸಿಗೇ ಮೊದಲ ಬಹುಮಾನ, ಎರಡನೇ ಬಹುಮಾನ ಬಂದಿದ್ದು ಮೇಲೆ ಹೇಳಿದ ಓಯಿಸ್ಟ್ರಾಖ್‌ಗೆ. 1945ರಲ್ಲಿ, ಮಹಾಯುದ್ಧ ಮುಗಿದ ಕೆಲವೇ ತಿಂಗಳಿಗೆ, ಫಿನ್ಲೆಂಡಿನ ಸಿಬೇಲಿಯಸ್ ಬರೆದ ಕನ್ಸರ್ಟೋ ರೆಕಾರ್ಡ್ ಮಾಡಿದ್ಳು. ನಾಲ್ಕು ವರ್ಷ ಆದ ಮೇಲೆ ಅಜೋರ್ಸ್ ದ್ವೀಪದ ಹತ್ರ ವಿಮಾನ ಬಿದ್ದು ಹೋದ್ಳು, 30 ವರ್ಷ. ಆ ರೆಕಾರ್ಡ್ ಶುರುವಾಗೋದು ಆರ್ಕೆಸ್ಟ್ರಾದ ಪಿಟೀಲುಗಳು ಪಿಸಪಿಸ ಅನ್ನೋದ್ರಿಂದ, ಬೆಳಗಿನ ಜಾವ ಕುಂದವಾಡ ಕೆರೆ ಮೇಲೆ ಮಂಜು ಇರುತ್ತಲ್ಲ ಹಂಗೆ, ಅದರೊಳಗಿಂದ ಇವಳ ಒಂಟಿ ಪಿಟೀಲು ಬರುತ್ತೆ. ಅಳು ಇಲ್ಲ ಅದರಲ್ಲಿ. ಕೋಪ ಐತೆ.

ಪಿಟೀಲುಗಾರ ಹೈಫೆಟ್ಜ್ ಹೆಸರು ಬರೀಲಿಲ್ಲ ಅಂದ್ರೆ ಮುಂದಿನ ತಿಂಗಳು ನನಗೆ ಬೈಗುಳ ಬರ್ತವೆ. ಬಾಕ್‌ನ ಶಕೋನ್ ಅನ್ನೋ ರಚನೆ, ಹೈಫೆಟ್ಜ್ 1952ರಲ್ಲಿ ಮಾಡಿದ ರೆಕಾರ್ಡಿಂಗ್. ಜೊತೆಗೆ ಯಾರೂ ಇಲ್ಲ, ಒಂದೇ ಪಿಟೀಲು, ನಾಲ್ಕೇ ತಂತಿ. ಮೊದಲಲ್ಲಿ ಬರೋ ಚಿಕ್ಕ ಎಳೆ ಹಿಡ್ಕೊಂಡು ಪಲ್ಲವಿಗೆ ಸಂಗತಿ ಮೇಲೆ ಸಂಗತಿ, ಅಂದ್ರೆ ಅದೇ ಸಾಲಿನ ಹೊಸ ಹೊಸ ರೂಪ, ಹಾಕಿದಂಗೆ ಬೆಳೆಸ್ತಾ ಹೋಗೋದು. ನಡುವಲ್ಲಿ ಒಂದು ಕಡೆ ಮೈನರ್ ಇದ್ದದ್ದು ಮೇಜರ್ ಆಗುತ್ತೆ, ಕತ್ತಲೆ ಕೋಣೆ ಕಿಟಕಿ ತೆಗೆದಂಗೆ, ಆಮೇಲೆ ಮತ್ತೆ ಮುಚ್ಚುತ್ತೆ. ಅವನಿಗೆ ಪಕ್ಕವಾದ್ಯ ಯಾರು ಅಂದ್ರೆ ಅವನೇ, ಮೇಲಿನ ತಂತಿಗೆ ಕೆಳಗಿನ ತಂತಿ. ನುಡಿಸಿರೋದು ಅಪ್ಪಟ. ಬೆಚ್ಚಗಿಲ್ಲ ಅಂತ ನನ್ನ ತಕರಾರು, ಒಪ್ಪದಿದ್ರೆ ಬಿಡು.

ಪ್ರಶ್ನೆ: ನಾವು ಹಿಂದೂಸ್ತಾನಿ ಕೇಳೋ ಮಂದಿ ಅದೀವಿ, ಧಾರವಾಡ ಸ್ಟೇಷನ್ನು ಕೇಳ್ಕೊಂತ ಬೆಳೆದೋರು. ನಮಗ ಪಿಟೀಲು ಇಲ್ಲೇನ್ರಿ? (ಜಗಳೂರು)

ಉತ್ತರ: ಐತೆ ಅಣ್ಣಾರೆ. ನಮ್ಮ ಜಿಲ್ಲೆ ಇರೋದೇ ಹಂಗಲ್ವಾ, ಒಂದು ಕಿವಿ ಮೈಸೂರಿಗೆ ಒಂದು ಕಿವಿ ಧಾರವಾಡಕ್ಕೆ. ಎನ್. ರಾಜಂ ಅವರ ದರ್ಬಾರಿ ರಾಗನೋ ಬಾಗೇಶ್ರೀನೋ ಹುಡುಕ್ರಿ. ಮೇಲೆ ಹೇಳಿದ ಟಿ.ಎನ್. ಕೃಷ್ಣನ್ ಅವರ ಸ್ವಂತ ತಂಗಿ, ಇಬ್ಬರಿಗೂ ತಂದೆಯೇ ಮೊದಲ ಗುರು, ಅಣ್ಣ ದಕ್ಷಿಣಾದಿ ಅಂದ್ರೆ ಕರ್ನಾಟಕ ಸಂಗೀತದಲ್ಲೇ ಉಳಿದ್ರು, ತಂಗಿ ಓಂಕಾರನಾಥ ಠಾಕೂರರ ಶಿಷ್ಯೆಯಾಗಿ ಬನಾರಸ್ ಹಿಂದೂ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳಿದ್ರು. ಅವರದು ಗಾಯಕಿ ಅಂಗ, ಅಂದ್ರೆ ಪಿಟೀಲೇ ಖಯಾಲ್ ಹಾಡೋದು. ವಿಲಂಬಿತದಲ್ಲಿ, ಅಂದ್ರೆ ನಿಧಾನ ಲಯದಲ್ಲಿ, ಕಣ್ಣು ಮುಚ್ಕೊಂಡು ಕೇಳಿದ್ರೆ ಬಂದಿಶಿನ (ಹಾಡಿನ) ಅಕ್ಷರ ಕೇಳಿಸುತ್ತೆ ಅಂತ ನನ್ನ ಹೆಂಡ್ತಿ ವಾದ. ವಿ.ಜಿ. ಜೋಗ್, ಬಿಸ್ಮಿಲ್ಲಾ ಖಾನ್ ಜುಗಲ್ಬಂದಿಗಳೂ ಬಾಳ ಚೆಂದ, ಶೆಹನಾಯಿ ಉಸಿರು ಉದ್ದನೋ ಕಮಾನು ಉದ್ದನೋ ಅಂತ ಪಂದ್ಯ ಕಟ್ಟಿದಂಗೆ ಇರುತ್ತೆ, ಮದುವೆ ಮನೆಯಂಗೆ ನಗು ಬರುತ್ತೆ.

ಒಂದು ಮಾತು ನೆನಪಾಯ್ತು. 1940ರಿಂದ 1971ರವರೆಗೆ ಆಕಾಶವಾಣೀಲಿ ಹಾರ್ಮೋನಿಯಂ ನಿಷೇಧ ಇತ್ತು, ಗಮಕಕ್ಕೆ ಅದು ಒಗ್ಗಲ್ಲ ಅಂತ. ಹಂಗಾಗಿ ಆ ಕಾಲದ ರೇಡಿಯೋ ರೆಕಾರ್ಡಿಂಗ್ ಕೇಳುವಾಗ ಹಾಡಿನ ಹಿಂದೆ ಸಾರಂಗಿನೋ ಪಿಟೀಲೋ ಯಾವ್ದು ಅಂತ ಕಿವಿಗೊಟ್ಟು ಕೇಳ್ರಿ. ಕಂಪನಿ ನಾಟಕದ ನಮ್ಮ ಊರಿನಲ್ಲಿ ಹಾರ್ಮೋನಿಯಂ ನಿಷೇಧ ಅಂದಿದ್ರೆ ಗಲಾಟೆನೇ ಆಗ್ತಿತ್ತು.

ಪ್ರಶ್ನೆ: ಹಳೇ ಪ್ಲೇಟು ಗರಗರ ಅಂತಾವೆ, ಮೂರು ನಿಮಿಷಕ್ಕೆ ಮುಗಿದೇ ಹೋಗ್ತವೆ. ಯಾಕೆ ಅದನ್ನೇ ಹೊಗಳ್ತೀರಿ? (ಚಳ್ಳಕೆರೆ)

ಉತ್ತರ: ಗರಗರ ನನಗೂ ಇಷ್ಟ ಇಲ್ಲ, ಸುಳ್ಳು ಹೇಳಲ್ಲ. ಆದ್ರೆ 78 ವೇಗದ ಹತ್ತಿಂಚಿನ ಪ್ಲೇಟಲ್ಲಿ ಒಂದು ಬದಿಗೆ ಹಿಡಿಸ್ತಿದ್ದೇ ಮೂರು ಚಿಲ್ಲರೆ ನಿಮಿಷ. ಪಿಟೀಲಿನ ದ್ವಾರಂ ವೆಂಕಟಸ್ವಾಮಿ ನಾಯ್ಡು ಅವರಂಥವರು ಅಷ್ಟರಲ್ಲೇ ರಾಗದ ಮುಖ ತೋರಿಸಿ ಕೃತಿ ನುಡಿಸಿ ಮುಗಿಸಬೇಕಿತ್ತು. ಎರಡೇ ಎರಡು ಎಳೆತದಲ್ಲಿ ಇದು ಇಂಥಾ ರಾಗ ಅಂತ ಗೊತ್ತಾಗಬೇಕು. ಈಗ ಟೈಮ್ ಇದೆ ಅಂತ ಮುಕ್ಕಾಲು ಗಂಟೆ ಆಲಾಪನೆ ಮಾಡೋರ ಕೆಲವು ಸಿ.ಡಿ. ಕೇಳಿದ್ರೆ, ಇವರಿಗೊಂದು 78ರ ಪ್ಲೇಟು ಕೊಡಬೇಕಿತ್ತು ಅನ್ಸುತ್ತೆ ನನಗೆ.

ಪ್ರಶ್ನೆ: ನಮ್ಮ ತಂದೆ ರೇಡಿಯೋದಿಂದ ತುಂಬಿಸಿಟ್ಟ ಕ್ಯಾಸೆಟ್ ಒಂದು ಸಿಕ್ಕಿದೆ. ಚೀಟಿ ಅಳಿಸಿ ಹೋಗಿದೆ. ಯಾರೋ ಗಂಡಸು ಹಾಡ್ತಾರೆ, ಪಿಟೀಲು ಮಾತ್ರ ಎದೆ ಹಿಂಡುತ್ತೆ. ತಂದೆ ಅದನ್ನ ಕೇಳ್ತಾ ಕೂತಿರ್ತಿದ್ದದ್ದು ನೆನಪು. ಪಿಟೀಲು ಯಾರದ್ದು ಅಂತ ಕಂಡುಹಿಡಿಯೋದು ಹೆಂಗೆ? (ಪಿ.ಜೆ. ಬಡಾವಣೆ, ದಾವಣಗೆರೆ)

ಉತ್ತರ: ಅಮ್ಮಾ, ಮೊದಲನೇದು, ಅಟ್ಟದ ಮೇಲಿನ ಹಳೇ ಟೇಪ್‌ರೆಕಾರ್ಡರಿಗೆ ಅದನ್ನ ಹಾಕಬೇಡಿ. ರಬ್ಬರ್ ಬೆಲ್ಟು ಅಂಟಾಗಿರುತ್ತೆ, ರೀಲು ನುಂಗಿಬಿಡುತ್ತೆ. ಪೆನ್ಸಿಲ್ ತೂರಿಸಿ ಕೈಯಲ್ಲೇ ಒಂದ್ಸಲ ಆ ಕಡೆ ಈ ಕಡೆ ಪೂರ್ತಿ ಸುತ್ತಿ, ಸಡಿಲ ಆಗ್ಲಿ, ಆಮೇಲೆ ಒಳ್ಳೇ ಡೆಕ್ ಇರೋರ ಹತ್ರ ಕೊಡಿ, ಕೊಟ್ಟು ಅಲ್ಲೇ ಕೂತ್ಕೊಳ್ಳಿ. ಯಾಕೆ ಹೇಳ್ತೀನಿ ಅಂದ್ರೆ ನಮ್ಮಪ್ಪ ಕಾಟನ್ ಮಿಲ್ಲಿನಲ್ಲಿ ಸೆಕೆಂಡ್ ಶಿಫ್ಟ್ ಮುಗಿಸಿ ಬಂದು, ಶನಿವಾರ ರಾತ್ರಿ ರೇಡಿಯೋದಲ್ಲಿ ಬರ್ತಿದ್ದ ಸಂಗೀತದ ರಾಷ್ಟ್ರೀಯ ಕಾರ್ಯಕ್ರಮದ ಕೊನೇ ಭಾಗನಾದ್ರೂ ಸಿಗ್ಲಿ ಅಂತ ಕೈಕಾಲು ತೊಳೀದೇ ಟೇಪ್ ಹಚ್ಚಿ ಕೂರೋರು. ಅದರಲ್ಲೊಂದು ಕ್ಯಾಸೆಟ್ ನಾನು ಕಾಪಿ ಮಾಡ್ಸೋಕೆ ಅಂತ ಅಂಗಡಿಗೆ ಕೊಟ್ಟೆ, ವಾರ ಬಿಟ್ಟು ಹೋದ್ರೆ ಅಂಗಡಿ ಹುಡುಗ ಖಾಲಿ ಕ್ಯಾಸೆಟ್ ಅಂತ ತಿಳ್ಕೊಂಡು ಅದರ ಮೇಲೇ ಸಿನಿಮಾ ಹಾಡು ತುಂಬಿಸಿಟ್ಟಿದ್ದ. ಈಗ್ಲೂ ಆ ಕ್ಯಾಸೆಟ್ ಇಟ್ಕೊಂಡಿದೀನಿ. ಎರಡು ಹಾಡಿನ ಮಧ್ಯದ ಖಾಲಿ ಜಾಗದಲ್ಲಿ ಎರಡು ಸೆಕೆಂಡು ತಂಬೂರಿ ಕೇಳುತ್ತೆ.

ಎರಡನೇದು, ಬಿ ಸೈಡ್ ಕಟ್ಟಕಡೆ ತನಕ ಓಡಿಸಿ. ಆಕಾಶವಾಣಿಯವರು ಕಚೇರಿ ಮುಗಿದ ಮೇಲೆ ಹಾಡಿದವರು ಇಂಥವರು, ಪಿಟೀಲು ಇಂಥವರು, ಮೃದಂಗ ಇಂಥವರು ಅಂತ ಹೆಸರು ಓದ್ತಾರೆ. ಮನೇಲಿ ತುಂಬಿಸೋರು ಮಂಗಳ ಮುಗೀತಿದ್ದಂಗೆ ಟಕ್ ಅಂತ ಬಟನ್ ಒತ್ತಿಬಿಡ್ತಿದ್ರು, ಟೇಪು ಉಳೀಲಿ ಅಂತ. ನಮ್ಮಪ್ಪಂದು ಹಂಗೇ, ಹಾಡಿದವರ ಹೆಸರು ಇರುತ್ತೆ, ‘ಪಿಟೀಲಿನಲ್ಲಿ...’ ಅನ್ನೋಷ್ಟರಲ್ಲಿ ಕಟ್. ನಿಮ್ಮ ತಂದೆ ಎಂಥ ಕೈಯವರೋ ನೋಡಿ. ಹೆಸರು ಸಿಕ್ತು ಅಂದ್ರೆ ನನಗೂ ಒಂದು ಫೋನ್ ಹೊಡೀರಿ, ರಾತ್ರಿ ಹತ್ತಾದ್ರೂ ಪರವಾಗಿಲ್ಲ.